ಚೀನೀ ಕವಿತೆಯ ಸಂಜೆಗೆ ಹೋಗಿದ್ದೆ, ತಪ್ಪು ಪದ್ಯಕ್ಕೆ ಕಣ್ಣೊರೆಸಿಕೊಂಡು ಬಂದೆ

ಸೆರಂಗೂನ್_ರೋಡ್

ಹನ್ನೊಂದು ವರ್ಷದಿಂದ ಸಿಂಗಪುರದಲ್ಲಿದ್ದೇನೆ. ಚೀನೀ ಭಾಷೆಯಲ್ಲಿ ನನಗೆ ಬರುವುದು ಮೂರೇ ಮಾತು: ನಮಸ್ಕಾರ, ಥ್ಯಾಂಕ್ಸ್, ಖಾರ ಸ್ವಲ್ಪ ಜಾಸ್ತಿ ಇರಲಿ. ಇಷ್ಟು ಬಂಡವಾಳ ಇಟ್ಟುಕೊಂಡು ಕಳೆದ ಶನಿವಾರ ಚೀನೀ ಕವಿತೆಯ ಸಂಜೆಯೊಂದಕ್ಕೆ ಹೋಗಿದ್ದೆ. ಪಕ್ಕದ ಫ್ಲ್ಯಾಟಿನ ಆಂಟಿ ಕರೆದರು. "ಪದ್ಯ ಓದ್ತಾರೆ, ಆಮೇಲೆ ಮಾತುಕತೆ, ಟೀ ಕೊಡ್ತಾರೆ" ಅಂದರು. ಟೀ ಅಂದ ಮೇಲೆ ಇಲ್ಲ ಅನ್ನುವವನಲ್ಲ ನಾನು.

ಜಾಗ ಚೈನಾಟೌನಿನಲ್ಲಿ. ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿ ದಾಟಿ ಎರಡು ತಿರುವು, ಹಳೇ ಅಂಗಡಿಮನೆಯ ಮೂರನೇ ಮಹಡಿ. ಹಿಂದೆ ಒಂದೇ ಊರಿನಿಂದ ವಲಸೆ ಬಂದವರು ಕಟ್ಟಿಕೊಂಡ ಸಂಘವಂತೆ. ಗೋಡೆ ತುಂಬ ಮಾಜಿ ಅಧ್ಯಕ್ಷರ ಕಪ್ಪುಬಿಳುಪು ಫೋಟೋ, ಮೂಲೆಯಲ್ಲಿ ಒಂದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ. ಥೇಟ್ ನಮ್ಮೂರ ಸಹಕಾರ ಸಂಘದ ಆಫೀಸು. ಸುಮಾರು 40 ಜನ, ಹೆಚ್ಚಿನವರಿಗೆ ಬಿಳಿ ತಲೆ.

ಕ್ರಮ ಹೀಗಿತ್ತು. ಒಂದು ಪದ್ಯವನ್ನು ಮೊದಲು ಒಬ್ಬ ಹುಡುಗಿ ಮ್ಯಾಂಡರಿನ್‌ನಲ್ಲಿ ಓದುವುದು. ಆಮೇಲೆ ಅದೇ ಪದ್ಯವನ್ನು ಹಿರಿಯರೊಬ್ಬರು ತಮ್ಮ ಮನೆಮಾತಿನಲ್ಲಿ, ಅಂದರೆ ಕ್ಯಾಂಟೊನೀಸ್, ಹೊಕ್ಕಿಯೆನ್, ಟಿಯೋಚ್ಯೂ ಯಾವುದಾದರೂ ಒಂದರಲ್ಲಿ, ರಾಗವಾಗಿ ಹೇಳುವುದು. ಗೋಡೆಯ ಮೇಲೆ ಇಂಗ್ಲಿಷ್ ಅನುವಾದದ ಸ್ಲೈಡು.

ಲಿ ಬಾಯ್ ಕವಿಯ ಬೆಳದಿಂಗಳ ಪದ್ಯ ಮೊದಲು ಬಂತು. ಇಲ್ಲಿನ ಪ್ರತಿ ಮಗುವಿಗೂ ಬಾಯಿಪಾಠ ಇರುವ ಪದ್ಯ, ಬರೀ 20 ಅಕ್ಷರ. ಮಂಚದ ಮುಂದೆ ಬೆಳದಿಂಗಳು ಬಿದ್ದಿದೆ, ನೆಲದ ಮೇಲೆ ಹಿಮ ಕೂತಿದೆಯೇನೋ ಅನ್ನಿಸುತ್ತದೆ, ತಲೆ ಎತ್ತಿ ಚಂದ್ರನನ್ನು ನೋಡುತ್ತಾನೆ, ತಲೆ ತಗ್ಗಿಸಿ ಊರು ನೆನೆಯುತ್ತಾನೆ. ಅಷ್ಟೇ. ಆಮೇಲೆ ಸುಮಾರು 80 ವಯಸ್ಸಿನ ಒಬ್ಬ ಅಜ್ಜ ಎದ್ದು ನಿಂತರು. ಕೈಯಲ್ಲಿ ಪುಸ್ತಕ ಇಲ್ಲ. ಕಣ್ಣು ಮುಚ್ಚಿಕೊಂಡು ಕ್ಯಾಂಟೊನೀಸ್‌ನಲ್ಲಿ ಶುರು ಮಾಡಿದರು. ಹಾಡು ಅಲ್ಲ, ಓದೂ ಅಲ್ಲ, ನಡುವಿನದ್ದು ಏನೋ. ಸಾಲಿನ ನಡುವಿನ ಒಂದೊಂದು ಸ್ವರವನ್ನು ಎಳೆದೂ ಎಳೆದೂ, ಕೊನೆಯ ಪದಕ್ಕೆ ಬಂದಾಗ ಟಕ್ ಅಂತ ನಿಲ್ಲಿಸಿಬಿಡುತ್ತಿದ್ದರು. ಹಗ್ಗ ಕತ್ತರಿಸಿದ ಹಾಗೆ. ನಾನು ಸ್ಲೈಡ್ ನೋಡುತ್ತಾ, ಊರು, ಅಮ್ಮ, ಹಿತ್ತಿಲು ಎಲ್ಲ ನೆನೆದು ಕಣ್ಣೊರೆಸಿಕೊಂಡೆ.

ಆಂಟಿ ಪಿಸುಗುಟ್ಟಿದರು: "ಸ್ಲೈಡ್ ಸಿಕ್ಕಿಹಾಕ್ಕೊಂಡಿದೆ. ಇವರು ಹೇಳಿದ್ದು ಬೇರೆ ಪದ್ಯ. ಮೀನು ಹಿಡಿಯೋನದ್ದು."

ಈಗ ನನ್ನ ಪ್ರಶ್ನೆ. ಅರ್ಥ ತಪ್ಪಾಗಿದ್ದರೂ ಆ ದನಿ ಕೇಳಿ ನನಗೆ ಆದದ್ದು ಸುಳ್ಳಾ? ಗೊತ್ತಿಲ್ಲದ ಭಾಷೆಯ ಪದ್ಯ ಕೇಳಿದವರು ಯಾರಾದರೂ ಇದ್ದೀರಾ ಇಲ್ಲಿ?

ಸುಮ್ನೆಒಬ್ಬ

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಅತ್ತದ್ದು ಇಂಗ್ಲಿಷ್ ಸ್ಲೈಡಿಗೆ. ಅಜ್ಜ ಆ ಹೊತ್ತಿಗೆ ತರಕಾರಿ ರೇಟು ರಾಗವಾಗಿ ಹೇಳಿದ್ದರೂ ಅಳ್ತಿದ್ರಿ.

ಸೆರಂಗೂನ್_ರೋಡ್

ನನಗೂ ಅದೇ ಅನುಮಾನ. ಅದಕ್ಕೇ ಕೇಳಿದ್ದು.

ಬೀಜಿಂಗ್_ಚಹಾ

ಕಂಪನಿ ಕೆಲಸದ ಮೇಲೆ ನಾಲ್ಕು ವರ್ಷ ಬೀಜಿಂಗಿನಲ್ಲಿದ್ದೆ, ಮ್ಯಾಂಡರಿನ್ ಕಲಿತೆ. ಮೀನು ಹಿಡಿಯುವವನು ಅಂದರೆ ಲ್ಯೂ ಜೋಂಗ್‌ಯುವಾನ್ ಬರೆದ "ಹೊಳೆಯ ಹಿಮ" ಇರಬೇಕು. ಅದೂ 20 ಅಕ್ಷರವೇ, ಸಾಲಿಗೆ ಐದರಂತೆ ನಾಲ್ಕು ಸಾಲು. ಪದ ಪದವಾಗಿ ಇಡುತ್ತೇನೆ ನೋಡಿ:

ಸಾವಿರ ಬೆಟ್ಟ ಹಕ್ಕಿ ಹಾರಾಟ ಮುಗಿದು
ಹತ್ತುಸಾವಿರ ಕಾಲುದಾರಿ ಮನುಷ್ಯ ಹೆಜ್ಜೆ ಅಳಿಸಿ
ಒಂಟಿ ದೋಣಿ ಹುಲ್ಲಂಗಿ ಬಿದಿರುಟೊಪ್ಪಿ ಮುದುಕ
ಒಬ್ಬನೇ ಗಾಳ ಚಳಿ ಹೊಳೆ ಹಿಮ

ನಾಲ್ಕು ಸಾಲಿನ ಮೊದಲ ಅಕ್ಷರ ಮಾತ್ರ ಮೇಲಿಂದ ಕೆಳಗೆ ಓದಿ. ಸಾವಿರ, ಹತ್ತುಸಾವಿರ, ಒಂಟಿ, ಒಬ್ಬನೇ. ಚೀನೀ ಭಾಷೆಯಲ್ಲಿ ಕೊನೆಯ ಎರಡು ಸೇರಿದರೆ ಒಂಟಿತನ ಅನ್ನುವ ಪದವೇ ಆಗುತ್ತದೆ.

ಇನ್ನು ನೀವು ಕೇಳಿದ ಆ ಟಕ್. ಅದು ಸ್ಲೈಡಿನಲ್ಲಿ ಇರಲಿಲ್ಲ, ಕಿವಿಗೇ ಬಿದ್ದದ್ದು. 1, 2 ಮತ್ತು 4ನೇ ಸಾಲಿನ ಕೊನೆಯ ಪದಗಳು ಪ್ರಾಸ. ಮ್ಯಾಂಡರಿನ್‌ನಲ್ಲಿ ಈಗ ಅವು ಜ್ಯುಯೆ, ಮಿಯೆ, ಶ್ಯುಯೆ. ಎಲ್ಲ ಮೆತ್ತಗೆ ಗಾಳಿಯಲ್ಲಿ ಕರಗುತ್ತವೆ. ಕ್ಯಾಂಟೊನೀಸ್‌ನಲ್ಲಿ ಜ್ಯುತ್, ಮಿತ್, ಸ್ಯುತ್. ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತುಬಿಡುತ್ತದೆ, ಉಸಿರೂ ಹೊರಗೆ ಬರುವುದಿಲ್ಲ. ಟಾಂಗ್ ಕಾಲದಲ್ಲಿ ಹೀಗೆ ಪ್, ತ್, ಕ್‌ಗಳಲ್ಲಿ ಮುಗಿಯುವ ಪದಗಳ ಒಂದು ಗುಂಪೇ ಇತ್ತು. ಮ್ಯಾಂಡರಿನ್ ಅದನ್ನು ಕಳೆದುಕೊಂಡಿದೆ. ಕ್ಯಾಂಟೊನೀಸ್, ಹೊಕ್ಕಿಯೆನ್ ಉಳಿಸಿಕೊಂಡಿವೆ. ಹಕ್ಕಿ ಇಲ್ಲ, ಹೆಜ್ಜೆ ಇಲ್ಲ ಅನ್ನುವ ಪದ್ಯಕ್ಕೆ ಬಾಗಿಲು ಮುಚ್ಚುವ ಶಬ್ದವೇ ಬೇಕು, ಅಲ್ವಾ? ಅದನ್ನು ನೀವು ಅರ್ಥ ಗೊತ್ತಿಲ್ಲದೇ ಹಿಡಿದಿದ್ದೀರಿ. ಒಂಟಿತನ ಅಂತಲೇ ಅನ್ನಿಸಿದೆ. ನನ್ನ ಲೆಕ್ಕದಲ್ಲಿ ನೀವು ಪಾಸ್.

ಸುಮ್ನೆಒಬ್ಬ

ಸರಿ, ತರಕಾರಿ ಮಾತು ವಾಪಸ್ ತಗೊಂಡೆ. ಅರ್ಧ.

ಗಮಕದ_ಮನೆ

ನಮ್ಮದು ಶಿವಮೊಗ್ಗದ ಕಡೆ. ಹಾಡೂ ಅಲ್ಲ, ಓದೂ ಅಲ್ಲ, ನಡುವಿನದ್ದು ಏನೋ ಅಂದಿರಲ್ಲ, ಅದಕ್ಕೆ ನಮ್ಮಲ್ಲಿ ಹೆಸರೇ ಇದೆ ಸ್ವಾಮಿ, ಗಮಕ. ಪಕ್ಕದ ಮತ್ತೂರು, ಹೊಸಹಳ್ಳಿಯಲ್ಲಿ ಈಗಲೂ ಮನೆಮನೆಯಲ್ಲಿ ಕೇಳುತ್ತದೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದಕ್ಕೇ. ರಾಗ ಇರುತ್ತದೆ, ತಾಳ ಇರುವುದಿಲ್ಲ. ಪದ್ಯ ಮುಂದೆ, ಸಂಗೀತ ಹಿಂದೆ.

ಇನ್ನೊಂದು ಮಾತು. ಗಮಕಕ್ಕೆ ಇಬ್ಬರು ಬೇಕು. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ಕುಮಾರವ್ಯಾಸನ ಒಂದು ಷಟ್ಪದಿ ಹಾಡಿದರೆ ವ್ಯಾಖ್ಯಾನದವರು ಹತ್ತು ನಿಮಿಷ ಅದನ್ನೇ ಬಿಡಿಸುತ್ತಾರೆ. ಎದುರಿಗೆ ಕೂತ ಅಜ್ಜಿಯರು ನಡುವೆ ಬಾಯಿ ಹಾಕುತ್ತಾರೆ. ಹಾಗಾಗಿ ಪದ್ಯ ಮತ್ತು ಮಾತುಕತೆ ಅಂತ ನೀವು ಹೇಳಿದಾಗ ನನಗೆ ಚೀನಾ ದೂರದ ದೇಶ ಅನ್ನಿಸಲೇ ಇಲ್ಲ. ನಿಮ್ಮ ಸಂಜೆಯಲ್ಲಿ ಮಾತುಕತೆ ಹೇಗಿತ್ತು, ಅದನ್ನು ಬರೆದೇ ಇಲ್ಲ?

ಸೆರಂಗೂನ್_ರೋಡ್

ಬರೆಯೋಕೆ ಸಂಕಟ. ನಡೆಸಿಕೊಡುತ್ತಿದ್ದವರು 25 ನಿಮಿಷ ಮೈಕ್ ಬಿಡಲೇ ಇಲ್ಲ. ಪರಂಪರೆ, ಜಾಗತೀಕರಣ, ಸೇತುವೆ... ಎಲ್ಲ ಭಾಷೆಯಲ್ಲೂ ಈ ಭಾಷಣ ಒಂದೇ ಇರುತ್ತದೆ ಅಂತ ಕಾಣುತ್ತದೆ. ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಆದರೂ ಅರ್ಥವಾಗಲಿಲ್ಲ. ಮ್ಯಾಂಡರಿನ್ ಪದ್ಯ ಇದಕ್ಕಿಂತ ಸುಲಭ ಇತ್ತು.

ಆಮೇಲೆ ಒಂದು ಏಳೆಂಟು ವರ್ಷದ ಹುಡುಗಿ ಕೈ ಎತ್ತಿದಳು. "ಅಜ್ಜನಿಗೆ ಮೀನು ಸಿಕ್ತಾ?" ಅಂದಳು. ಎಲ್ಲರೂ ನಕ್ಕರು. ಪದ್ಯ ಹೇಳಿದ ಅಜ್ಜ ಮಾತ್ರ ನಗಲಿಲ್ಲ. "70 ವರ್ಷದಿಂದ ಹೇಳ್ತಾ ಇದ್ದೀನಿ ಮಗೂ, ಇನ್ನೂ ಸಿಕ್ಕಿಲ್ಲ" ಅಂದರು. ಅಲ್ಲಿಂದ ಮಾತು ಹರಿಯಿತು. ಯಾರೋ ಹೇಳಿದರು, ಕವಿ ಆಗ ಗಡಿಪಾರಾಗಿದ್ದ, ಮೀನು ಅಂದರೆ ಅರಸನ ಕರೆ ಅಂತ. ಇನ್ನೊಬ್ಬರು, ಹಾಗೇನಿಲ್ಲ, ಅವನಿಗೆ ಮೀನು ಬೇಕಾಗೇ ಇರಲಿಲ್ಲ ಅಂತ. ಲಿ ಬಾಯ್ ಪದ್ಯದ ಮಂಚ ಮಂಚವೇ ಅಲ್ಲ, ಬಾವಿಯ ಕಟ್ಟೆ ಅಂತಲೂ ಜಗಳ ಆಯಿತು. ನಿಜಾನಾ ಅದು?

ಬೀಜಿಂಗ್_ಚಹಾ

ಹೌದು, ಹಾಗೆ ವಾದಿಸುವವರಿದ್ದಾರೆ. ಆ ಅಕ್ಷರಕ್ಕೆ ಬಾವಿಕಟ್ಟೆ ಅನ್ನುವ ಅರ್ಥವೂ ಹಳೇ ಬರಹಗಳಲ್ಲಿ ಇದೆ. ಮನೆಯೊಳಗೆ ಮಲಗಿದವನಿಗೆ ತಲೆ ಎತ್ತಿದರೆ ಚಂದ್ರ ಹೇಗೆ ಕಂಡಾನು ಅನ್ನುವುದು ಅವರ ಪ್ರಶ್ನೆ. ಇನ್ನೊಂದು ತಮಾಷೆ ಇದೆ. ಇವತ್ತು ಮಕ್ಕಳು ಹೇಳುವ ಪಾಠವೇ ಆಮೇಲೆ ತಿದ್ದಿದ್ದು. ಹಳೆಯ ಪ್ರತಿಗಳಲ್ಲಿ ತಲೆ ಎತ್ತಿ ನೋಡುವುದು "ಬೆಟ್ಟದ ಚಂದ್ರ"ನನ್ನು, "ಬೆಳಗುವ ಚಂದ್ರ"ನನ್ನಲ್ಲ. ಬಾಯಿಂದ ಬಾಯಿಗೆ ಬಂದು ನುಣುಪಾಗಿದೆ.

ಗಡಿಪಾರು ನಿಜ. 805ರಲ್ಲಿ ಆಸ್ಥಾನದ ಸುಧಾರಣೆಯ ಗುಂಪು ಸೋತಿತು, ಅದರಲ್ಲಿದ್ದ ಲ್ಯೂನನ್ನು ದಕ್ಷಿಣದ ಯೋಂಗ್‌ಝೋಗೆ ಅಟ್ಟಿದರು. ಈಗಿನ ಹುನಾನ್ ಪ್ರಾಂತ್ಯ. ಹತ್ತು ವರ್ಷ ಅಲ್ಲೇ ಕೊಳೆತ. ಆ ಕಡೆಯ ಹಿಮದ ಬಗ್ಗೆ ಅವನೇ ಒಂದು ಪತ್ರದಲ್ಲಿ ಬರೆದಿದ್ದಾನೆ. ಒಂದು ಚಳಿಗಾಲ ದೊಡ್ಡ ಹಿಮ ಬೆಟ್ಟ ದಾಟಿ ದಕ್ಷಿಣಕ್ಕೂ ಬಂತಂತೆ. ಎಂದೂ ಹಿಮ ನೋಡದ ಅಲ್ಲಿನ ನಾಯಿಗಳು ಹೆದರಿ, ಹಿಮ ಕರಗುವವರೆಗೂ ದಿನಗಟ್ಟಲೆ ಬೊಗಳುತ್ತಾ ಓಡಾಡಿದವಂತೆ. ಇದು ಗೊತ್ತಾದ ಮೇಲೆ ನನಗೆ ಆ ಪದ್ಯದ ಮೌನ ಇನ್ನೂ ಜಾಸ್ತಿ ಕೇಳುತ್ತದೆ.

ಮಲೆನಾಡ_ಹಕ್ಕಿ

ನಾಯಿ ಕಥೆ ಕೇಳಿ ದಿನ ಚೆನ್ನಾಯ್ತು.

ಒಂದು ಕೈ ನೋಡೋಣ ಅಂತ ಕನ್ನಡ ಮಾಡಿದೆ. ಬೈಯಬೇಡಿ.

ಸಾವಿರ ಬೆಟ್ಟ, ಹಕ್ಕಿಯ ಹಾರಾಟ ನಿಂತಿದೆ
ಸಾವಿರಾರು ದಾರಿ, ಹೆಜ್ಜೆ ಗುರುತು ಅಳಿಸಿದೆ
ಒಂಟಿ ದೋಣಿಯಲ್ಲಿ ಗೊರಬು ಹೊದ್ದ ಮುದುಕ
ಒಬ್ಬನೇ ಗಾಳ ಹಾಕಿದ್ದಾನೆ ಚಳಿ ಹೊಳೆಯ ಹಿಮದಲ್ಲಿ

ಹುಲ್ಲಂಗಿ ಅಂದ ಕೂಡಲೇ ನನಗೆ ಗೊರಬು ಕಣ್ಣಿಗೆ ಬಂತು. ಬಿದಿರ ಕಡ್ಡಿಯ ಹಂದರಕ್ಕೆ ಎಲೆ ಹೆಣೆದು ಬೆನ್ನಿನ ಮೇಲೆ ಹೊದ್ದುಕೊಳ್ಳುವುದು. ಬಗ್ಗಿ ನಿಂತರೆ ಆಮೆ ಥರ ಕಾಣುತ್ತಾರೆ.

ಗಮಕದ_ಮನೆ

ಗೊರಬು ಚೆಂದ. ಆದರೆ ನಮ್ಮ ಕಡೆ ಗೊರಬು ಹಾಕಿಕೊಳ್ಳುವುದು ಸಸಿ ನೆಡುವ ಹೆಂಗಸರು. ಗಂಡಸರಿಗೆ ಕಂಬಳಿಕೊಪ್ಪೆ. ನಿಮ್ಮ ಮುದುಕ ಹೆಂಡತಿಯ ಗೊರಬು ಕದ್ದು ಮೀನಿಗೆ ಹೋದ ಹಾಗಿದೆ.

ಮಲೆನಾಡ_ಹಕ್ಕಿ

ಕಂಬಳಿ ಉಣ್ಣೆ, ಇವನದ್ದು ಹುಲ್ಲು. ಹಿಮ ಬೀಳುವಾಗ ಒಬ್ಬನೇ ಮೀನಿಗೆ ಕೂತವನು ಹೆಂಡತಿ ಗೊರಬು ಕದಿಯುವವನೇ ಇರಬೇಕು. ಬದಲಾಯಿಸಲ್ಲ.

ಪ್ರಸ್ತಾರ

ಗೊರಬು ಇರಲಿ ಬಿಡಿ, ಹಿಮವೇ ಸಮಸ್ಯೆ. ನಾವು ಯಾರೂ ಮನೆಯಲ್ಲಿ "ಹಿಮ" ಅನ್ನುವುದಿಲ್ಲ. ಅದು ಪಾಠಪುಸ್ತಕದ ಪದ, ಹಿಮಾಲಯದಿಂದ ಇಳಿದದ್ದು. ಮಂಜು ಅಂದರೆ ಮಡಿಕೇರಿಯ ಮಬ್ಬು. ಇಬ್ಬನಿ ಅಂದರೆ ಹುಲ್ಲಿನ ಮೇಲಿನ ಹನಿ. ಬೆಳದಿಂಗಳ ಪದ್ಯದಲ್ಲಿ ನೆಲದ ಮೇಲೆ ಕೂತದ್ದು ಒಂದು ಬಗೆ, ಹೊಳೆಯ ಮೇಲೆ ಬೀಳುವುದು ಇನ್ನೊಂದು ಬಗೆ. ಚೀನೀ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ. ನಮ್ಮ ಹತ್ತಿರ ಎರಡಕ್ಕೂ ಒಂದೇ ಹಿಮ, ಅದೂ ಸಾಲದ್ದು. ನಾವೂ ಆ ದಕ್ಷಿಣದ ನಾಯಿಗಳೇ.

ಇನ್ನೊಂದು. ಕೊನೆಯ ಸಾಲಿನಲ್ಲಿ "ಹಿಮದಲ್ಲಿ" ಅಂತ ವಿಭಕ್ತಿ ಹಚ್ಚಿದ್ದೀರಿ. ಮೂಲದಲ್ಲಿ ಹಾಗಿಲ್ಲವಲ್ಲ? ಗಾಳ, ಚಳಿ, ಹೊಳೆ, ಹಿಮ. ಹಿಮದಲ್ಲಿ ಗಾಳ ಹಾಕಿದನೋ, ಹಿಮಕ್ಕೇ ಗಾಳ ಹಾಕಿದನೋ?

ಬೀಜಿಂಗ್_ಚಹಾ

ಎರಡೂ. ಅದೇ ಅದರ ಮಜಾ. ಚೀನೀ ಭಾಷೆಗೆ ವಿಭಕ್ತಿಯ ಕಾಟ ಇಲ್ಲ, ಹಳೇ ಪದ್ಯದಲ್ಲಿ "ಅವನು" ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡ "ಹಾಕಿದ್ದಾನೆ" ಅಂದ ಕೂಡಲೇ ಗಂಡಸು, ಒಬ್ಬ, ಈಗ ಅಂತ ಮೂರು ವಿಷಯ ಬಾಯಿಬಿಡುತ್ತದೆ.

ನಿಮ್ಮ ಹೆಸರು ಪ್ರಸ್ತಾರ ಆದ್ದರಿಂದ ಇದೂ ಹೇಳುತ್ತೇನೆ. ನಾವು ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ ಹಾಗೆ ಅವರು ಪ್ರತಿ ಅಕ್ಷರಕ್ಕೂ "ಸಮ", "ಓರೆ" ಅಂತ ಗುರುತು ಹಾಕುತ್ತಾರೆ. ಏರಿಳಿಯದ ದನಿ ಸಮ, ಉಳಿದದ್ದೆಲ್ಲ ಓರೆ. ಟಕ್ ಅಂತ ನಿಲ್ಲುವ ಪದಗಳೂ ಓರೆಯ ಲೆಕ್ಕಕ್ಕೇ. ಸಾಮಾನ್ಯವಾಗಿ ಇಂಥ ನಾಲ್ಕು ಸಾಲಿನ ಪದ್ಯಗಳಿಗೆ ಸಮ ದನಿಯ ಪ್ರಾಸ ಇಡುತ್ತಾರೆ. ಲ್ಯೂ ಬೇಕೆಂದೇ ಓರೆ ಇಟ್ಟಿದ್ದಾನೆ.

ವ್ಯಾಂಕೂವರ್_ಮಳೆ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಈ ರಾಗದ ಓದು ಇಷ್ಟವಾದವರು ಯೆ ಜಿಯಾಯಿಂಗ್ ಅವರ ರೆಕಾರ್ಡಿಂಗ್ ಹುಡುಕಿ ಕೇಳಿ. 1924ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು. ನಮ್ಮೂರ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು, ಆಮೇಲೆ ಟಿಯಾಂಜಿನ್‌ನ ನಾನ್‌ಕಾಯ್ ವಿಶ್ವವಿದ್ಯಾಲಯದಲ್ಲಿ. 2024ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅವರು ಬೀಜಿಂಗಿನವರಾದರೂ ಪದ್ಯ ಹೇಳುವಾಗ ನಿಲ್ಲುವ ಪದಗಳನ್ನು ಓರೆಯಾಗಿಯೇ ಚಿಕ್ಕದಾಗಿ ಕತ್ತರಿಸಿ ಹೇಳುತ್ತಿದ್ದರು. ವಯಸ್ಸಾದ ದನಿ, ನಡುಗುತ್ತದೆ, ಆದರೆ ಲೆಕ್ಕ ತಪ್ಪುವುದಿಲ್ಲ.

ಹೆಂಗಸರ ಪದ್ಯ ಯಾವುದೂ ಇರಲಿಲ್ಲವಾ ನಿಮ್ಮ ಸಂಜೆಯಲ್ಲಿ?

ಸೆರಂಗೂನ್_ರೋಡ್

ಇತ್ತು! ಲಿ ಚಿಂಗ್‌ಝಾವ್. ಸಾಂಗ್ ಕಾಲದವಳು. ಗಂಡ ಸತ್ತ ಮೇಲೆ, ಯುದ್ಧದಲ್ಲಿ ಊರು ಬಿಟ್ಟ ಮೇಲೆ ಬರೆದದ್ದಂತೆ. ಹೊಕ್ಕಿಯೆನ್ ಅಜ್ಜಿಯೊಬ್ಬರು ಹೇಳಿದರು. ಶುರುವಿಗೇ ಒಂದೇ ಪದವನ್ನು ಎರಡೆರಡು ಸಲ, ಎರಡೆರಡು ಸಲ ಹೇಳುತ್ತಾ ಹೋದರು, ತೊದಲಿದ ಹಾಗೆ. ಪಾಪ, ಅಜ್ಜಿಗೆ ಮರೆತುಹೋಯಿತು ಅಂದುಕೊಂಡೆ.

ವ್ಯಾಂಕೂವರ್_ಮಳೆ

ಮರೆತದ್ದಲ್ಲ, ಇರುವುದೇ ಹಾಗೆ. 14 ಅಕ್ಷರ, ಏಳು ಜೋಡಿ. ಶುನ್ ಶುನ್ ಮಿ ಮಿ, ಲೆಂಗ್ ಲೆಂಗ್ ಚಿಂಗ್ ಚಿಂಗ್, ಚಿ ಚಿ ತ್ಸಾನ್ ತ್ಸಾನ್ ಚಿ ಚಿ. ಹುಡುಕಿ ಹುಡುಕಿ, ಅರಸಿ ಅರಸಿ, ತಣ್ಣತಣ್ಣಗೆ... ನಮಗೆ ಇದು ಸಲೀಸು. ದ್ವಿರುಕ್ತಿ ಅಂತ ವ್ಯಾಕರಣದಲ್ಲೇ ಪಾಠ ಇದೆಯಲ್ಲ. ಇಂಗ್ಲಿಷಿನವರು ಇದಕ್ಕೆ ಪರದಾಡುತ್ತಾರೆ, ಕನ್ನಡಕ್ಕೆ ಬಂದರೆ ಮನೆಗೆ ಬಂದ ಹಾಗೆ.

ಅವಳು ಬರೆದದ್ದು "ತ್ಸ" ಅನ್ನುವ ಪ್ರಕಾರ. ಆಗ ಚಾಲ್ತಿಯಲ್ಲಿದ್ದ ಒಂದು ಧಾಟಿಗೆ ಹೊಸ ಮಾತು ತುಂಬುವುದು. ಪದ್ಯದ ತಲೆಯ ಮೇಲೆ ಧಾಟಿಯ ಹೆಸರೇ ಇರುತ್ತದೆ.

ಗಮಕದ_ಮನೆ

ಹಳೇ ನಾಟಕದ ಪುಸ್ತಕದಲ್ಲಿ ಹಾಡಿನ ಮೇಲೆ "ಮಟ್ಟು" ಅಂತ ಹಾಕುತ್ತಿದ್ದ ಹಾಗೆ!

ವ್ಯಾಂಕೂವರ್_ಮಳೆ

ಅದೇ, ಮಟ್ಟು. ವ್ಯತ್ಯಾಸ ಏನೆಂದರೆ ಅವರ ಮಟ್ಟುಗಳು ಹೆಚ್ಚೂಕಡಿಮೆ ಎಲ್ಲ ಕಳೆದುಹೋಗಿವೆ. ಹೆಸರು ಉಳಿದಿದೆ, ಅಕ್ಷರದ ಲೆಕ್ಕ ಉಳಿದಿದೆ, ರಾಗ ಇಲ್ಲ.

ಕ್ಯಾಮ್_ಹೊಳೆದಂಡೆ

ಸಣ್ಣ ಸೇರ್ಪಡೆ. ನಾನಿರುವ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜಿನ ಹಿಂದೆ, ಸೇತುವೆಯ ಹತ್ತಿರ, ಒಂದು ಬಿಳಿ ಕಲ್ಲು ಇದೆ. ಶು ಝಿಮೋ ಈ ಊರಿಗೆ ವಿದಾಯ ಹೇಳಿ 1928ರಲ್ಲಿ ಬರೆದ ಪದ್ಯದ ಮೊದಲ ಮತ್ತು ಕೊನೆಯ ಸಾಲುಗಳನ್ನು ಕೊರೆದಿದ್ದಾರೆ. 2008ರಲ್ಲಿ ಇಟ್ಟದ್ದು. ಚೀನೀ ಪ್ರವಾಸಿಗಳು ಅದರ ಮುಂದೆ ನಿಂತು ಗಟ್ಟಿಯಾಗಿ ಪದ್ಯ ಹೇಳುತ್ತಾರೆ, ನಾನು ಸೈಕಲ್ ನಿಲ್ಲಿಸಿ ಕೇಳುತ್ತೇನೆ. 1924ರಲ್ಲಿ ಟಾಗೋರ್ ಚೀನಾಕ್ಕೆ ಹೋದಾಗ ಅವರ ಮಾತನ್ನು ಚೀನೀ ಭಾಷೆಗೆ ಮಾಡುತ್ತಿದ್ದವನು ಇದೇ ಶು ಝಿಮೋ. ನನಗೂ ಒಂದು ಪದ ಅರ್ಥವಾಗುವುದಿಲ್ಲ. ಆದರೆ ಎಲ್ಲರೂ ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿಸುತ್ತಾರೆ, ಅದು ತಿಳಿಯುತ್ತದೆ.

ಸುಮ್ನೆಒಬ್ಬ

ಒಂದು ಅನುಮಾನ. ಆ ಅಜ್ಜ, ಅಜ್ಜಿ ಎಲ್ಲ ಮನೆಮಾತಿನಲ್ಲಿ ಹೇಳಿದರು, ಹುಡುಗಿ ಮಾತ್ರ ಮ್ಯಾಂಡರಿನ್‌ನಲ್ಲಿ. ಯಾಕೆ? ಹುಡುಗಿಗೆ ಮನೆಮಾತು ಬರಲ್ವಾ?

ಸೆರಂಗೂನ್_ರೋಡ್

ಬರಲ್ಲ. ಇದನ್ನು ನಾನೂ ಆಂಟಿಗೆ ಕೇಳಿದೆ. ಇಲ್ಲಿ 1979ರಲ್ಲಿ "ಮ್ಯಾಂಡರಿನ್ ಮಾತಾಡಿ" ಅಂತ ಸರ್ಕಾರದ ಅಭಿಯಾನ ಶುರುವಾಯಿತು. ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟೊನೀಸ್ ಬಿಟ್ಟು ಎಲ್ಲರೂ ಒಂದೇ ಮಾತಿಗೆ ಬನ್ನಿ ಅಂತ. ಟಿವಿ, ರೇಡಿಯೋದಿಂದಲೂ ಅವು ಹೆಚ್ಚೂಕಡಿಮೆ ಹೋದವು. ಒಂದೇ ತಲೆಮಾರು ಸಾಕಾಯಿತು. ಆ ಹುಡುಗಿ ಪದ್ಯ ಹೇಳಿದ ಅಜ್ಜನ ಮೊಮ್ಮಗಳು ಅಂತ ಆಮೇಲೆ ಗೊತ್ತಾಯಿತು. ಅಜ್ಜ ಹೇಳುವಾಗ ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಅವಳಿಗೂ ನನ್ನಷ್ಟೇ ಅರ್ಥವಾಗುತ್ತಿತ್ತಂತೆ.

ಆಂಟಿ ಇದನ್ನು ಬೇಜಾರಿನಲ್ಲೇನೂ ಹೇಳಲಿಲ್ಲ. "ನಿನ್ನ ಮಗಳಿಗೆ ಕನ್ನಡ ಓದೋಕೆ ಬರುತ್ತಾ?" ಅಂತ ಕೇಳಿದರು. ನಾನು ಟೀ ಕುಡಿದೆ.

ಮಲೆನಾಡ_ಹಕ್ಕಿ

😐 ನಾವೂ ಟೀ ಕುಡಿಯುತ್ತೇವೆ ಬಿಡಿ.

ಪ್ರಸ್ತಾರ ಅವರ ಬೈಗುಳ ಕೇಳಿ ಮತ್ತೆ ತಿದ್ದಿದೆ. ವಿಭಕ್ತಿ ತೆಗೆದೆ, ಮಾತು ಕಡಿಮೆ ಮಾಡಿದೆ. ಗೊರಬು ಹಾಗೇ ಇದೆ.

ಸಾವಿರ ಬೆಟ್ಟ. ಹಕ್ಕಿಯಿಲ್ಲ.
ಸಾವಿರಾರು ದಾರಿ. ಹೆಜ್ಜೆಯಿಲ್ಲ.
ಒಂಟಿ ದೋಣಿ, ಗೊರಬಿನ ಮುದುಕ,
ಒಂಟಿ ಗಾಳ. ಹೊಳೆ. ಚಳಿ. ಹಿಮ.

ಪ್ರಸ್ತಾರ

ಇದು ಪರವಾಗಿಲ್ಲ. "ಇಲ್ಲ" ಎರಡು ಸಲ ಬಂದದ್ದು ಒಳ್ಳೇದೇ ಆಯಿತು, ನಾಲಿಗೆ ಒತ್ತಿ ನಿಲ್ಲುತ್ತದೆ. ಸೆರಂಗೂನ್ ಅವರೇ, ಮುಂದಿನ ಸಲ ಇದನ್ನು ಆ ಅಜ್ಜನಿಗೆ ಕೇಳಿಸಿ.

ಸೆರಂಗೂನ್_ರೋಡ್

ಕೇಳಿಸಿ ಬಂದೆ. ಈ ಶನಿವಾರ ಮತ್ತೆ ಹೋಗಿದ್ದೆ. ಕಾರ್ಯಕ್ರಮ ಇರಲಿಲ್ಲ, ಅಜ್ಜ ಅಲ್ಲೇ ಕೂತು ಪೇಪರ್ ಓದುತ್ತಿರುತ್ತಾರೆ ಅಂತ ಆಂಟಿ ಹೇಳಿದ್ದರು. ಮೊಮ್ಮಗಳೂ ಇದ್ದಳು, ಮಾತು ದಾಟಿಸಿದಳು.

ಮಲೆನಾಡ ಹಕ್ಕಿಯ ನಾಲ್ಕು ಸಾಲು ಓದಿದೆ. ಅಜ್ಜ ಕಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ಬೆರಳು ಬಡಿಯುತ್ತಾ ಕೇಳಿದರು. ಇನ್ನೊಂದು ಸಲ ಅಂದರು. ಓದಿದೆ. ಆಮೇಲೆ ಮೊಮ್ಮಗಳ ಹತ್ತಿರ ಏನೋ ಹೇಳಿ ನಕ್ಕರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು: "ನಿಮ್ಮ ಭಾಷೆಯಲ್ಲಿ ಎಲ್ಲ ಪದದ ಬಾಗಿಲೂ ತೆರೆದೇ ಇರುತ್ತಂತೆ. ಆ... ಇ... ಅ... ಅಂತ. ಚಳಿಗಾಳಿ ಒಳಗೆ ಬರಲ್ವಾ ಅಂತ ಕೇಳ್ತಿದ್ದಾರೆ."

ನಮ್ಮೂರಲ್ಲಿ ಹಿಮ ಬೀಳಲ್ಲ, ಬಾಗಿಲು ತೆರೆದಿದ್ದರೂ ನಡೆಯುತ್ತೆ ಅಂದೆ.

ಗೊರಬಿನ ಫೋಟೋ ತೋರಿಸಿದೆ. ಅದನ್ನು ಮಾತ್ರ ತುಂಬ ಹೊತ್ತು ನೋಡಿದರು. ದೊಡ್ಡದು ಮಾಡಿ ತೋರಿಸು ಅಂದರು. ಅವರ ಅಪ್ಪನ ಹತ್ತಿರ ಇಂಥದ್ದೇ ಇತ್ತಂತೆ.

ಗಮಕದ_ಮನೆ

ಹೆಂಗಸರದ್ದು ಅಂತ ಹೇಳಿದಿರಾ?

ಸೆರಂಗೂನ್_ರೋಡ್

ಇಲ್ಲಪ್ಪ. ಧೈರ್ಯ ಸಾಲಲಿಲ್ಲ.